ಮೂರನೇ ಪೇದೆ

ಸ್ಕ್ರಿಪ್ಟಿನಲ್ಲಿ ನನಗೆ ಹೆಸರಿಲ್ಲ, ‘ಮೂರನೇ ಪೇದೆ’ ಅಷ್ಟೆ.
ಮಾತೂ ಇಲ್ಲ. ಮೂರು ವರ್ಷದಿಂದ ನಾಯಕನ ಬೆನ್ನ ಹಿಂದೆ
ತಡೆಪಟ್ಟಿ ಹಿಡಿದು ನಿಂತಿದ್ದೇನೆ,
ಸಿಮೆಂಟಿನ ಮೇಲೆ ಸುರಿದ ಬಣ್ಣದ ನೆತ್ತರು ಒಣಗುವ ತನಕ.

ಈ ಸಲ ಮಾರ್ಸೇಯ ಉತ್ತರದ ಗುಡ್ಡ,
ಹದಿನಾಲ್ಕು ಅಂತಸ್ತಿನ ಕಟ್ಟಡ,
ಕೆಳಗೆ ಬಂದರು, ಬಂದರಿನಲ್ಲೊಂದು ಬಿಳಿಯ ವಿಹಾರದ ಹಡಗು.
ಬಾಲ್ಕನಿ ತುಂಬ ಒಣಹಾಕಿದ ಬಟ್ಟೆ.
ಅದರಲ್ಲಿ ಅರ್ಧ ತೆಗೆಸಿದರು ನಿರ್ದೇಶಕರು:
ಬಣ್ಣ ಜಾಸ್ತಿಯಾಯಿತು, ಬಡತನ ಕಾಣುವುದಿಲ್ಲ.

ಆರನೇ ಕಂತಿನಲ್ಲಿ ಮೇಯರನ ಕೈಗೆ ಕೋಳ.
ಹಾಗಂತ ಬರೆದಿದೆ. ಆಮೇಲೆ ಸಂಗೀತ.
ಚಿತ್ರೀಕರಣಕ್ಕೆ ಅನುಮತಿ ಕೊಟ್ಟ ನಗರಸಭೆಯ ಮನುಷ್ಯ
ನಮ್ಮ ಪಂಕ್ತಿಯಲ್ಲೇ ಊಟಕ್ಕೆ ಕೂತ. ಕತೆ ಕೇಳಿ
“ದಿಟ್ಟ, ಬಹಳ ದಿಟ್ಟ” ಅಂದ,
ಮೀನಿನ ಸಾರು ಎರಡನೇ ಸಲ ಹಾಕಿಸಿಕೊಂಡ.

ವಿರಾಮ. ಮೆಟ್ಟಿಲ ಮೇಲೆ ಕೂತು ಷೂ ಸಡಿಲಿಸುತ್ತಿದ್ದೆ.
ಜಲಿಹಾತಾ ಎಂಬ ಮುದುಕಿ ಒಂಬತ್ತನೇ ಮಹಡಿಯಿಂದ ಇಳಿದು ಬಂದಳು,
ಕೊಮೊರೊ ದ್ವೀಪದ ಕೆಂಪು ಬಿಳಿ ಬಟ್ಟೆ ಹೊದ್ದು,
ಒಂದೊಂದು ಮಹಡಿಗೂ ನಿಂತು, ಉಸಿರು ತಗೊಂಡು.
ಲಿಫ್ಟು ಕೆಟ್ಟು ಹನ್ನೊಂದು ತಿಂಗಳು.
“ಸಾಹೇಬರೇ” ಅಂದಳು. ನಾನಲ್ಲ ಅನ್ನುವಷ್ಟರಲ್ಲಿ
ಶುರು ಮಾಡಿಬಿಟ್ಟಳು: ಮೊಮ್ಮಗ ನಸ್ಸೂರ್,
ಹದಿನಾರು, ಬಲ ಹುಬ್ಬಿನಲ್ಲಿ ಹೊಲಿಗೆಯ ಗುರುತು,
ಶುಕ್ರವಾರ ಬ್ರೆಡ್ಡಿಗೆ ಹೋದವನು.

ಠಾಣೆಗೆ?
“ನಾಲ್ಕು ಸಲ. ಅಲ್ಲಿ ನಿಂತೇ ಮಾತಾಡುತ್ತಾರೆ.
ನೀನು ಕೂತಿದ್ದೀ, ಅದಕ್ಕೆ ಬಂದೆ.”

ಜೇಬಿನಲ್ಲಿ ನಾಟಕದ ನೋಟ್‌ಬುಕ್ಕು, ನಾಟಕದ ಪೆನ್ನು.
ತೆಗೆದೆ. ಮಸಿಯಿಲ್ಲ.
ಕ್ಯಾಮೆರಾಕ್ಕೆ ಮಸಿ ಯಾಕೆ?
ಆದರೂ ಬರೆದೆ, ಬರಿಯ ಗೀರು:
ಹುಬ್ಬು, ಹೊಲಿಗೆ, ಶುಕ್ರವಾರ, ಬೂದು ಬಣ್ಣದ ಕಾರು.
ಅವಳಿಗೆ ಓದು ಬರುತ್ತಿತ್ತೋ ಇಲ್ಲವೋ,
ಕಣ್ಣು ನನ್ನ ಕೈಯ ಮೇಲೆ.
ಕೈ ನಿಂತರೆ ಮಾತು ನಿಲ್ಲಿಸುವಳು,
ಹೊರಟರೆ ತಾನೂ ಹೊರಡುವಳು.
ಕೊನೆಗೆ ಸೆರಗಿನಿಂದ ಒಂದು ಕಿತ್ತಳೆ ಕೊಟ್ಟಳು.
ಲಂಚ ಅಂದುಕೊಂಡೆ.
ಅಲ್ಲ. ನನ್ನ ತುಟಿ ಒಣಗಿತ್ತಂತೆ.

ಆ ರಾತ್ರಿ ಹೋಟೆಲಿನಲ್ಲಿ ಸೀಸದಕಡ್ಡಿ ಅಡ್ಡ ಹಿಡಿದು ಉಜ್ಜಿದೆ,
ಎರಡನೇ ಕಂತಿನಲ್ಲಿ ನಾಯಕ ಹೀಗೇ ಮಾಡುತ್ತಾನೆ.
ಬೂದಿಯೊಳಗಿಂದ ಎದ್ದವು
ಬಿಳಿಯ ಅಕ್ಷರ, ಅರ್ಧಂಬರ್ಧ.

ಸೋಮವಾರ ಷೂಟಿಂಗಿಲ್ಲ.
ನನ್ನದೇ ಸ್ವೆಟರು ಹಾಕಿಕೊಂಡು ಠಾಣೆಗೆ ಹೋದೆ.
ಗಾಜಿನ ಹಿಂದಿನ ಪೇದೆ ಚೀಟಿ ನೋಡಲಿಲ್ಲ, ಮುಖ ನೋಡಿದ.
“ಟೀವಿಯವರಲ್ಲವೇ ನೀವು! ನನ್ನ ಹೆಂಡತಿ ಒಂದೂ ಕಂತು ಬಿಡುವುದಿಲ್ಲ.
ಹೋದ ವರ್ಷ ಆ ಮಂತ್ರಿಯನ್ನು ಹಿಡಿದಿರಲ್ಲ, ಅತ್ತೇಬಿಟ್ಟಳು.”
ಈ ದೇಶದಲ್ಲಿ ಏನೇನು ನಡೆಯುತ್ತದಪ್ಪಾ ಎಂದು ತಲೆಯಾಡಿಸಿ
ಒಂದು ಹಾಳೆ ತಳ್ಳಿದ. ಪೆನ್ನೂ ತಳ್ಳಿದ.

ಆ ಪೆನ್ನಿನಲ್ಲಿ ಮಸಿಯಿತ್ತು.

ನಸ್ಸೂರ್ ಮ್ಲಾಮಲಿ, ದುಂಡಗೆ ಬರೆದೆ.
ಹದಿನಾರು ವರ್ಷ, ಎಂದೂ ಬರೆದೆ.
ಪಾತ್ರದ ಹೆಸರಿರಬೇಕೆಂದುಕೊಂಡ.
ಥ್ಯಾಂಕ್ಸ್ ಹೇಳಿ, ನಾಲ್ಕು ಮಡಿಕೆ ಮಾಡಿ,
ಎದೆಯ ಜೇಬಿಗೆ ಹಾಕಿಕೊಂಡ.