ಎಂಥಾ ಧೂಳು

ರಾಬರ್ಟ್‌ಸನ್‌ಪೇಟೆಯ ಅಂಗಡಿಯ ಹುಡುಗ ಇಮ್ತಿಯಾಜ್
ಬಜೆಟ್ಟು ಕೇಳುವ ಮೊದಲೇ ಕೇಳಿದ:
"ನಿಮ್ಮನೇಲಿ ಎಂಥಾ ಧೂಳು, ಮೇಡಂ?"

ಹದಿನೆಂಟು ವರ್ಷ ಕರಿಹಲಗೆಯ ಮುಂದೆ ನಿಂತು
ಪ್ರಶ್ನೆ ಕೇಳಿದವಳು ನಾನು, ತಡವರಿಸಿದೆ.
ಧೂಳಿಗೂ ಕುಲಗೋತ್ರ ಕೇಳುತ್ತಾರೆಂದು ಗೊತ್ತಿರಲಿಲ್ಲ.

ಮೂರು ಯಂತ್ರ ಸಾಲಾಗಿ ನಿಂತಿದ್ದವು.
ಒಂದು ಕೆಂಪಗೆ, ಗುಂಡಗೆ, ಗಬ್ಬದ ಮೇಕೆಯ ಹಾಗೆ.
ಒಂದು ಉದ್ದ ಕೋಲು, ಚಾರ್ಜಿನದು,
ನಲವತ್ತು ನಿಮಿಷಕ್ಕೆ ಸುಸ್ತಾಗುತ್ತದಂತೆ.
ಇನ್ನೊಂದರ ಹೊಟ್ಟೆ ಗಾಜಿನಂತೆ, ತಿಂದದ್ದೆಲ್ಲ ಕಾಣುತ್ತದೆ.
ವ್ಯಾಟು, ಚೀಲ, ಫಿಲ್ಟರು, ವೈರಿನ ಉದ್ದ,
ಎಲ್ಲ ಬರೆದುಕೊಂಡೆ ಡಾಕ್ಟರ ಚೀಟಿಯ ಹಿಂದೆ.
ಮುಂದೆ ಯಾಮಿನಿಯ ಇನ್‌ಹೇಲರು,
ಹಿಂದೆ ಇವುಗಳ ಕಂತು.

ಎಂಥಾ ಧೂಳು?
ಸೀಮೆಸುಣ್ಣದ್ದು ಅನ್ನಬಹುದಿತ್ತು,
ದಿನಾ ನನ್ನ ಸೆರಗಿನಲ್ಲೇ ಮನೆಗೆ ಬರುತ್ತದೆ.
ಹಾಸಿಗೆಯಡಿ ಹತ್ತಿಯದು. ಊದುಕಡ್ಡಿಯ ಬೂದಿ.
ಬೆಕ್ಕಿನ ರೋಮ (ಬೆಕ್ಕು ನಮ್ಮದಲ್ಲ, ಆದರೂ).
ಆಮೇಲೆ ಆಷಾಢದ ಗಾಳಿಗೆ
ದಿಬ್ಬದಿಂದ ಏಳುತ್ತದಲ್ಲ, ಬಿಳಿಚಿಕೊಂಡದ್ದು,
ಮೂರು ಸಲ ಜರಡಿ ಹಿಡಿದಷ್ಟು ನಯ,
ಮುಚ್ಚಿಟ್ಟ ಅನ್ನದ ಮೇಲೂ ಕೂರುವಂಥದ್ದು,
ಕಿಟಕಿಯ ಗಾಜಿನಲ್ಲಿ ಮಗಳು
ಹೆಸರು ಬರೆದು, ಕೆಮ್ಮಿ,
ಬಿಟ್ಟುಹೋದ ಒತ್ತಕ್ಷರ ತುಂಬುವಂಥದ್ದು.

"ಸಯನೈಡ್ ದಿಬ್ಬದ್ದಾ?" ಅಂದ ಇಮ್ತಿಯಾಜ್.
"ಹಂಗಾದ್ರೆ ಕೆಂಪಿನದು ಬೇಡ. ನಮ್ಮನೇಲೂ ಅದೇ ಧೂಳು."
ವ್ಯಾಪಾರದ ದನಿ ಅಲ್ಲಿಗೆ ಇಳಿಯಿತು.
ರಿಯಾಯಿತಿ ಮಾತ್ರ ಇಳಿಯಲಿಲ್ಲ, ನೂರೈವತ್ತೇ ರೂಪಾಯಿ.

ಮಾವ ಮುನಿರತ್ನಂ ಸ್ಟೂಲಿನ ಮೇಲೆ ಕೂತಿದ್ದರು,
ತೊಡೆಯ ಮೇಲೆ ಛತ್ರಿ.
ಗಣಿ ಮುಚ್ಚುವ ತನಕ ಮಿಲ್ಲಿನಲ್ಲಿದ್ದವರು.
ಕಲ್ಲನ್ನು ಹಿಟ್ಟು ಮಾಡಿ, ಹಿಟ್ಟಿನಿಂದ ಚಿನ್ನ ತೆಗೆದು,
ಉಳಿದ ಕೆಸರನ್ನು ಪೈಪಿಗೆ ಬಿಟ್ಟು,
ಶಿಫ್ಟು ಮುಗಿಸಿ ಕೈ ತೊಳೆದು ಬಂದವರು.
ಅಷ್ಟು ಹೊತ್ತು ಸುಮ್ಮನಿದ್ದು ಈಗ ಬಾಯಿ ಬಿಟ್ಟರು:
"ಎಳಕೊಳ್ಳುತ್ತೆ, ಸರಿ.
ಎಲ್ಲಿ ಸುರೀಬೇಕು?"

ಹುಡುಗ ನಕ್ಕ. "ಎಲ್ಲಾದ್ರೂ ಸುರೀರಿ ತಾತಾ. ಹೊರಗೆ."

ಮಾವ ನಗಲಿಲ್ಲ.
"ನಾವೂ ಹಂಗೇ ಅಂದ್ಕೊಂಡಿದ್ವಿ."

ಹೊಟ್ಟೆ ಕಾಣುವುದನ್ನೇ ತಂದೆವು. ಆರು ಕಂತು.
ವೈರು ಹಿಂದಿನ ಕೋಣೆಗೆ ಒಂದು ಮೊಳ ಕಮ್ಮಿ.
ಮೊದಲ ಭಾನುವಾರ ಅದರ ಆರ್ಭಟಕ್ಕೆ
ಒಂದೇ ಗೋಡೆಯ ಆಚೆ ಲೂರ್ದಮ್ಮ
ಮಿಕ್ಸಿ ಸುಟ್ಟಿತೇನೇ ಎಂದು ಕೂಗಿದರು.
ಯಾಮಿನಿ ಡಬ್ಬಕ್ಕೆ ಮೂಗೊತ್ತಿ ಪದರ ಎಣಿಸಿದಳು:
ಇದು ನಿನ್ನೆ, ಇದು ಮೊನ್ನೆ,
ಇದು ನಾನು ಹುಟ್ಟೋಕೆ ಮುಂಚೆ.

ತುಂಬಿದ ಡಬ್ಬ ಹಿಡಿದು ಮಾವ ಹಿತ್ತಲಿಗೆ ಹೋದರು.
ತುಂಬ ಹೊತ್ತಾಯಿತು.
ಇಣುಕಿದರೆ, ಅವರದೇ ಊಟದ ತಟ್ಟೆಯಲ್ಲಿ ಧೂಳು,
ಮೇಲೊಂದು ಚೊಂಬು ನೀರು;
ತಟ್ಟೆ ಓರೆ ಹಿಡಿದು, ಮಣಿಕಟ್ಟು ಮಾತ್ರ ಆಡಿಸುತ್ತ,
ಮೆಲ್ಲಗೆ, ಸುತ್ತಿಗೊಮ್ಮೆ ಅಂಚಿಗೆ ತಂದು,
ತೂಗುತ್ತಿದ್ದಾರೆ.
ಕೂದಲು ತೇಲಿಹೋಯಿತು. ಒಂದು ಪೆನ್ಸಿಲ್ ಸಿಪ್ಪೆ.
ಯಾರದೋ ಜಂಪರಿನ ಹುಕ್ಕು ತಳದಲ್ಲಿ ಮಿನುಗಿ
ನನಗೇ ಒಂದು ಕ್ಷಣ ಎದೆ ಧಸಕ್ಕೆಂದಿತು.

"ಏನಾದ್ರೂ ಸಿಕ್ತಾ ಮಾವ?"

"ಸಿಕ್ಕೋದೆಲ್ಲ ಆವಾಗ್ಲೇ ತೆಗೆದ್ಬಿಟ್ಟಿದ್ವಲ್ಲಮ್ಮಾ,"
ಅಂದರು. ತಟ್ಟೆಯನ್ನು ಚೆಲ್ಲಲಿಲ್ಲ.
ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಗೇ ಇಟ್ಟು,
ಆಚೆ ಈಚೆ ನೋಡಿ,
ಒಳಗೆ ಬಂದು ರೇಡಿಯೋ ಹಾಕಿದರು.

ಸಂಜೆಗೆ ಕೆಸರಿನ ಅಂಚು ಒಣಗಿ ಬಿಳುಪಾಗುತ್ತಿತ್ತು.
ದಿಬ್ಬದ ಕಡೆಯಿಂದ ಗಾಳಿ ಎದ್ದಿತ್ತು.
ಇನ್ನೊಂದು ಚೊಂಬು ನೀರು ತಂದು
ಹೊಯ್ದೆ.