ಹೋಲ್ಡಾನ್

ಬನ್ನಿಮಂಟಪದ ಡಿಪೋ ಮುಂದೆ ಇನ್ನೂ ಕತ್ತಲು.
ವಾಚ್‌ಮನ್ ಕೆಂಡಗಣ್ಣ ಮುಖಕ್ಕೇ ಟಾರ್ಚು ಬಿಟ್ಟ:
'ಏನಕ್ಕಾ, ರಿಟೈರಾದ್ಮೇಲೂ ಮೊದಲನೇ ಟ್ರಿಪ್ಪಾ?'
ಹೂಂ ಕಣಪ್ಪ, ಅದೇ ರೂಟು,
ಮೈಸೂರು–ಮೇಲುಕೋಟೆ, ವಯಾ ಪಾಂಡವಪುರ.
ಗಾಡಿ ಮಾತ್ರ ಬೇರೆ:
ತಂಗಿಮಗಳು ಬಿಟ್ಟುಕೊಟ್ಟ ಏಳು ಗೇರಿನ ಸೈಕಲ್ಲು.
ಕ್ಯಾರಿಯರಿಗೆ ಕಟ್ಟಿದ್ದು ಹಳೇ ಟಿಕೇಟಿನ ಚೀಲ,
ಒಳಗೆ ಪಂಪು, ಪಂಕ್ಚರ್ ಡಬ್ಬಿ,
ಎರಡು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ.

ಇಪ್ಪತ್ತಾರು ವರ್ಷ ಈ ದಾರಿ ನನಗೆ ಗೊತ್ತಿದ್ದದ್ದು
ರೂಪಾಯಿ ಲೆಕ್ಕದಲ್ಲಿ.
ಶ್ರೀರಂಗಪಟ್ಟಣ ಅಂದರೆ ಚಿಲ್ಲರೆಗೆ ಜಗಳ.
ಪಾಂಡವಪುರ ಅಂದರೆ ಅರ್ಧ ಬಸ್ಸು ಇಳಿದು
ಒಂದೂವರೆ ಬಸ್ಸು ಹತ್ತುವುದು.
'ಹಿರೋಡೆಗೊಂದು ಕೊಡವ್ವ' ಅನ್ನುವ ಮುದುಕರಿಗೆ
ಹಿರೋಡೆಗೇ ಹರಿದುಕೊಡುತ್ತಿದ್ದೆ,
ಟಿಕೇಟಿನ ಮೇಲೆ ಏನೇ ಅಚ್ಚಾಗಿರಲಿ.
ಎಂಜಿನ್ನಿಗೆ ಬೆನ್ನು, ಜನಕ್ಕೆ ಮುಖ.
ನಾನು ಕಂಡದ್ದೆಲ್ಲ
ಆಗಲೇ ದಾಟಿಹೋದದ್ದು.

ಸೇತುವೆ ಕೆಳಗೆ ಕಾವೇರಿ ಹೊಗೆಯಾಡುತ್ತಿದ್ದಳು.
ಬಸ್ಸಿನಲ್ಲಿ ಅವಳು ಎರಡು ಟಿಕೇಟು ಹರಿಯುವಷ್ಟು ಹೊತ್ತು.
ಇವತ್ತು ಒಂದು ನೀರುಕಾಗೆ ಮುಳುಗಿ,
ಏಳದೆ, ಏಳದೆ,
ನಾನು ಮರೆತ ಮೇಲೆ ಎಲ್ಲೋ ಎದ್ದಿತು.

ಮುಂದೆ ಕಬ್ಬಿನ ಟ್ರಾಕ್ಟರು. ಅದರ ಮರೆಯಲ್ಲಿ
ಎದುರುಗಾಳಿ ತಪ್ಪಿಸಿಕೊಂಡು ಎರಡು ಮೈಲಿ ತುಳಿದೆ.
ಹೊರೆಯ ಮೇಲಿದ್ದ ಹುಡುಗ ಒಂದು ಜಲ್ಲೆ ಎಳೆದು ಚಾಚಿದ,
ಓಡುವ ಗಾಡಿಯಿಂದ ಓಡುವ ಗಾಡಿಗೆ.
ಚಾರ್ಜು ಹಾಕದೆ ನಾನು ಹತ್ತಿಸಿಕೊಂಡ ಮೊದಲ ಲಗೇಜು.

ಕುಂತಿಬೆಟ್ಟ
ಹಿಂದಿನ ಗಾಜಿನಲ್ಲಿ ಸಣ್ಣದಾಗುತ್ತ ಹೋಗುತ್ತಿದ್ದ ಬೆಟ್ಟ,
ಇವತ್ತು ದೊಡ್ಡದಾಗುತ್ತ ಬಂತು,
ಬಂಡೆ ಬಂಡೆಯಾಗಿ, ಅವಸರವಿಲ್ಲದೆ,
ಯಾರೋ ಅಟ್ಟದಿಂದ ಒಂದೊಂದೇ ಪಾತ್ರೆ ಇಳಿಸಿದ ಹಾಗೆ.

ಆಮೇಲೆ ತೊಣ್ಣೂರಿನ ತಿರುವು.
ಇಲ್ಲಿ ಇಳಿಯುವ ಹುಡುಗರು ಸಂಜೆ ಟ್ರಿಪ್ಪಿಗೆ
ಒದ್ದೆ ನೋಟು ಕೊಟ್ಟು ಬೈಸಿಕೊಳ್ಳುತ್ತಿದ್ದರು.
ಕೆರೆ ಅಂದರೆ ನನಗೆ ಅಷ್ಟೇ:
ಬೆರಳಿಗಂಟುವ ಹತ್ತು ರೂಪಾಯಿ.
'ಹೋಲ್ಡಾನ್' ಅಂದೆ, ಗಟ್ಟಿಯಾಗೇ.
ನಿಂತವಳು ನಾನೇ.

ಏನು ನೀರು ಅದು!
ಬೆಟ್ಟ ತಲೆಕೆಳಗಾಗಿ ನಿಂತರೂ ಒಂದು ಕಲ್ಲು ಉರುಳಿಲ್ಲ.
ನಿಂತೂ ನಿಂತೂ ಊದಿದ, ನೀಲಿ ನರದ ಈ ಕಾಲು
ಇಳಿಬಿಟ್ಟೆ. ಮೀನುಮರಿ ಬಂದು
ತಪಾಸಣೆಯವರ ಹಾಗೆ ಒಂದೊಂದೇ ಬೆರಳು ನೋಡಿಹೋದವು.
ಹರಿಗೋಲಿನವನನ್ನು ಕೇಳಿದೆ, ಎಷ್ಟು ಆಳ?
'ತಳ ಕಾಣ್ತದೆ ಕಣವ್ವ, ಸಿಕ್ಕಕ್ಕಿಲ್ಲ' ಅಂದ,
ಹುಟ್ಟು ಹಾಕುತ್ತ ಹೋದ.

ಜಕ್ಕನಹಳ್ಳಿ ದಾಟಿ ಏರು.
ಈ ಏರು ನನಗೆ ಸದ್ದಿನಲ್ಲಿ ಗೊತ್ತು:
ತಿರುವಿನಲ್ಲಿ ಎಂಜಿನ್ನು ನರಳಿ ಎರಡನೇ ಗೇರಿಗೆ ಬಿದ್ದಾಗ
ಕಂಬಿಗೆ ಸೊಂಟ ಒರಗಿಸುತ್ತಿದ್ದೆ.
ಅದೇ ತಿರುವಿನಲ್ಲಿ ಇವತ್ತು
ನನ್ನ ಮಂಡಿ ಆ ಸದ್ದು ಮಾಡಿತು.
ಹಿಂದಿನಿಂದ ನಮ್ಮದೇ ಬಸ್ಸು,
ಡ್ರೈವರ್ ಚನ್ನಿಗಪ್ಪ ಹಾರನ್ನು ಒತ್ತಿದ್ದೇ ಒತ್ತಿದ್ದು.
'ಹತ್ತಕ್ಕಾ, ಸೈಕಲ್ ಮೇಲೆ ಹಾಕನ' ಅಂತ
ಬಾಗಿಲಿಗೆ ಜೋತ ಹೊಸ ಕಂಡಕ್ಟರು.
ಉಸಿರಿದ್ದರೆ ಮಾತಾಡುತ್ತಿದ್ದೆ.
ಕೈ ಬೀಸಿದೆ: ರೈಟ್, ರೈಟ್.
ಹೊಗೆ ಕರಗುವವರೆಗೆ ಕಾದು
ಇಳಿದು ತಳ್ಳಿದೆ. ಸುಳ್ಳೇಕೆ,
ಕೊನೆಯ ಅರ್ಧ ಮೈಲಿ ಪೂರ್ತಿ ತಳ್ಳಿದ್ದೇ.

ಮೇಲೆ, ದೊನ್ನೆಯ ಪುಳಿಯೋಗರೆ ಬೆರಳು ನೆಕ್ಕಿ ಮುಗಿಸಿ
ಬಂಡೆಯ ಅಂಚಿಗೆ ಹೋದೆ.
ದೂರದಲ್ಲಿ ಕೆರೆ, ಅಂಗೈಯಷ್ಟು ಬಿಳುಪು.
ಅದರಲ್ಲಿ ಕಾಲಿಟ್ಟಿದ್ದೆನಲ್ಲ ಅಂತ
ಕಾಲು ನೋಡಿಕೊಂಡೆ. ಒಣಗಿತ್ತು.

ಇಳಿಯುವಾಗ ಸಂಜೆ, ಬಾಯಿಗೆ ನೊಣ,
ಬ್ರೇಕಿನ ರಬ್ಬರು ಸುಟ್ಟ ವಾಸನೆ.
ಜಕ್ಕನಹಳ್ಳಿಯ ಕತ್ತಲಲ್ಲಿ ಒಬ್ಬಾಕೆ
ನನ್ನ ದೀಪ ಕಂಡು ಕೈ ಅಡ್ಡ ಹಿಡಿದಳು, ಬಸ್ಸೆಂದು.
ಅಭ್ಯಾಸ. ನಿಲ್ಲಿಸಿಬಿಟ್ಟೆ.
ಇಬ್ಬರಿಗೂ ನಗು ತಡೆಯಲಿಲ್ಲ.
'ಹಿಂದೆ ಬರ್ತದೆ, ಹತ್ತು ನಿಮಿಷ,' ಅಂದೆ,
ಕಬ್ಬು ಮೊಣಕಾಲಿಗೆ ಕೊಟ್ಟು ಮುರಿದು
ಬುಡದ ಕಡೆಯದು ಅವಳಿಗೆ.
ಹತ್ತು ನಿಮಿಷ ನಾನೂ ಕಾದೆ.