ಪಾಯ

ಮರಾಠಿಯಲ್ಲಿ ಪಾಯ ಅಂದರೆ ಕಾಲು,
ನಮ್ಮಲ್ಲಿ ಕಟ್ಟಡದ ಬುಡ.
ಎರಡೂ ಭಾಷೆ ಬಲ್ಲ ಪಾಯಪ್ಪ ಉಗಾರೆ ಸಾಹೇಬರು
ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುವಾಗ
ದಿನಾ ಒಂದು ಸಲ ಮೂಗಿನಲ್ಲೇ ನಗುತ್ತಿದ್ದರು.

ಬಲಗಾಲ ಬೂಟು ಮೊದಲು ಸವೆಯುತ್ತಿತ್ತು.
ಒಂದಕ್ಕಾಗಿ ಜೋಡಿ ಕೊಳ್ಳಬೇಕಲ್ಲ ಎಂದು
ಲಕ್ಷ್ಮೀ ರಸ್ತೆಯ ಅಂಗಡಿಯವನ ಹತ್ತಿರ
ಪ್ರತಿ ದೀಪಾವಳಿಗೆ ಜಗಳ.

ಎಪ್ಪತ್ತೊಂದರ ಡಿಸೆಂಬರು.
ಖಡಕಿಯಲ್ಲಿ ಪಳಗಿದ ಸ್ಯಾಪರ್ ಹುಡುಗ
ಗಡಿಯ ಗೋಧಿ ಹೊಲದಲ್ಲಿ ರಾತ್ರಿಯಿಡೀ ಮೈನು ಹುಗಿದ.
ಬ್ಯಾಟರಿಗೆ ಕರವಸ್ತ್ರ ಸುತ್ತಿ,
ಸೆಟೆದ ಬೆರಳಲ್ಲಿ ಪೆನ್ಸಿಲು ಹಿಡಿದು ಬರೆದ:
ಸಾಲು ಏಳು. ಮೈನು ಹದಿನಾಲ್ಕು.

ಯುದ್ಧ ಮುಗಿಯಿತು. ಪೇಡೆ ಹಂಚಿದರು.
ಫೆಬ್ರುವರಿಯಲ್ಲಿ
ಹುಗಿದವರೇ ಅಗೆದು ತೆಗೆಯಿರಿ ಎಂದು ಹುಕುಂ.
ಮೊಣಕಾಲೂರಿ, ಸಲಾಕೆ ಓರೆಯಾಗಿ ಚುಚ್ಚಿ
ಒಂದು, ಎರಡು, ಒಂಬತ್ತು,
ಹದಿನಾಲ್ಕು.
ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು
ಒಂದೇ ಒಂದು ಹೆಜ್ಜೆ ಇಟ್ಟ.

ಹದಿನೈದನೆಯದು
ಹಗೆಯವರು ಇಟ್ಟದ್ದಲ್ಲ.

ಇದನ್ನು ಸಾಹೇಬರು ಹೇಳಲಿಲ್ಲ.
ಅಕ್ಕಾತಾಯಿ ಹೇಳಿದ್ದು, ಹೂರಣ ರುಬ್ಬುತ್ತ,
ಕಲ್ಲು ನಿಲ್ಲಿಸದೆ.

ಆಮೇಲೆ ವಾನವಡಿಯಲ್ಲಿ ಮರದ ಕಾಲು.
ಕಸಬಾ ಪೇಠೆಯ ಖೋಲಿಯಲ್ಲಿ
ಸ್ಟೋವಿನ ಮಗ್ಗುಲಿಗೆ ಕ್ಯಾಲ್ಕುಲಸ್ಸು.
ಹಗಲು ಪರರ ನಕಾಶೆ ಟ್ರೇಸು ಮಾಡುವ ಕೆಲಸ,
ರಾತ್ರಿ ಇಂಜಿನಿಯರಿಂಗ್ ಪರೀಕ್ಷೆಯ ಓದು.
ಎಲ್ಲ ವಿಷಯ ಒಂದೇ ಏಟಿಗೆ ದಾಟಿದವರು
ಸಾಯಿಲ್ ಮೆಕ್ಯಾನಿಕ್ಸಿಗೆ ಮಾತ್ರ ಐದು ಸಲ ಕೂತರಂತೆ.
ನೆಲದ ಬಗ್ಗೆ ಪುಸ್ತಕ ಹೇಳಿದ್ದನ್ನು
ಅವರ ಕೈ ಬರೆಯಲು ಒಪ್ಪುತ್ತಿರಲಿಲ್ಲ.

ನಾನು ನೌಕರಿಗೆ ಸೇರಿದ ವರ್ಷ ಮುಳಾ ನದಿಯ ಸೇತುವೆ.
ಮೂರನೆಯ ಕಂಬದ ಬುಡ, ರಾತ್ರಿ ಹನ್ನೊಂದು.
ಕಾಂಕ್ರೀಟಿನ ಲಾರಿಗಳು ಸಾಲಾಗಿ ನಿಂತು ಹೊಟ್ಟೆ ತಿರುಗಿಸುತ್ತಿವೆ.
‘ನಿಲ್ಲಸ್ರಿ’ ಅಂದರು.
ಗುಂಡಿಗೆ ಇಳಿದು ಸರಳು ಎಣಿಸಿದರು.
ಹತ್ತಿ ಬಂದರು. ಮತ್ತೆ ಇಳಿದರು.
ನನ್ನನ್ನೂ ಇಳಿಸಿ ಎಣಿಸಿದರು.
ಅರವತ್ತನಾಲ್ಕು.
ಸರಿಯಾಗಿತ್ತು.
ಮೊದಲ ಸಲವೂ ಸರಿಯಾಗೇ ಇತ್ತು.

ಮೂರು ಲಾರಿ ಮಾಲು ಗಟ್ಟಿಯಾಗಿ ಹಾಳು.
ಗುತ್ತಿಗೆದಾರ ಪಿಂಗಳೆ ಹೆಲ್ಮೆಟ್ಟು ನೆಲಕ್ಕೆ ಒಗೆದ.
ಮೇಲಿನಿಂದ ಮೆಮೊ ಬಂತು.
ಓದಿ, ಮೂಲೆಯಲ್ಲಿ ಪುಟ ಸಂಖ್ಯೆ ಬರೆದು
ಫೈಲಿಗೆ ಸೇರಿಸಿದರು. ಎರಡು ವರ್ಷ ಪಗಾರದಲ್ಲಿ ಕಡಿತ.

ನನಗೆ ಸಿಟ್ಟು. ‘ನಕಾಶೆಯಲ್ಲಿ ಇದೆಯಲ್ಲ ಸರ್?’
ಚಹಾದ ಗ್ಲಾಸಿನ ತಳ ನೋಡುತ್ತ ಅಂದರು:
‘ನಕಾಶಿ ಬರದಾಂವನೂ ಮನಷ್ಯಾನ ಅಲ್ಲೇನವಾ.’

ನಿವೃತ್ತಿಯಾಗಿ ಹದಿನೆಂಟು ದಿನ. ಜುಲೈ.
ಮುಳಶಿಯಿಂದ ನೀರು ಬಿಟ್ಟಿದ್ದರು.
ನದಿ ಕಂಬದ ಕೆಂಪು ಗೆರೆ ನುಂಗಿತ್ತು,
ಪೊಲೀಸರು ಎರಡೂ ತುದಿಗೆ ಹಗ್ಗ ಕಟ್ಟಿದ್ದರು.
ಹೋಗಿ ನೋಡಿದರೆ ಹಗ್ಗದ ಒಳಗೆ
ಮುರಿದ ಕಡ್ಡಿಯ ಕೊಡೆ ಹಿಡಿದು ಇವರು,
ಮೂರನೆಯ ಕಂಬದ ನೇರಕ್ಕೆ,
ಬೂಟು ಕಳಚಿದ ಬಲಗಾಲು ಊರಿ, ಕಣ್ಣು ಮುಚ್ಚಿ.

‘ಈ ಕಡೆ ಬರೋಬ್ಬರಿ ಅದ’ ಅಂದರು.
ಸ್ವಲ್ಪ ಹೊತ್ತು ಬರೀ ನೀರಿನ ಸದ್ದು.
‘ಎಡಗಾಲಿಗೆ ನನಗ ಏನೂ ಕೇಳಸಂಗಿಲ್ಲ.
ನೀ ಇಲ್ಲಿ ನಿಂದರು.
ಏನ ಅನಸ್ತದ ಹೇಳು.’

ನಾನು ಚಪ್ಪಲಿ ಬಿಟ್ಟೆ.